ಅಡಿಕೆ ತೋಟದಿಂದ ಲಾಲ್‌ಬಾಗ್‌ವರೆಗೆ: ಪಾಮ್ ಮರಗಳ ಗುರುತು ಹಿಡಿಯುವುದು ಹೇಗೆ?

ನಮ್ಮ ಮಾವನಿಗೆ ಚನ್ನಗಿರಿ ಹತ್ತಿರ ನಾಲ್ಕೆಕರೆ ಅಡಿಕೆ ತೋಟ ಇದೆ. ದಾವಣಗೆರೆಯಲ್ಲಿ ಹೊಸ ಮನೆ ಕಟ್ಟಿಸಿದಾಗ ಬಾಗಿಲ ಎರಡೂ ಪಕ್ಕ ಇಡೋಕೆ ಅಂತ ನರ್ಸರಿಯಿಂದ ಎರಡು ಕುಂಡ ತಂದರು. ಹೆಸರು ‘ಅರೆಕಾ ಪಾಮ್’. ಅತ್ತೆ ಒಮ್ಮೆ ಗಿಡ ನೋಡಿ, ಒಮ್ಮೆ ಮಾವನ ಮುಖ ನೋಡಿ, “ನಾಲ್ಕೆಕರೆ ಅಡಿಕೆ ಇಟ್ಕೊಂಡು ದುಡ್ಡು ಕೊಟ್ಟು ಅಡಿಕೆ ಗಿಡ ತಂದೀರಲ್ರೀ” ಅಂದರು. “ಇದು ಅಡಿಕೆ ಅಲ್ಲ ಕಣೇ, ಪಾಮು” ಅಂತ ಮಾವ.

ಇಬ್ಬರದೂ ಅರ್ಧ ಸರಿ. ಅಡಿಕೆಯೂ ಪಾಮ್ ಮರವೇ. ಕುಂಡದಲ್ಲಿದ್ದದ್ದೂ ಪಾಮ್, ಆದರೆ ಅಡಿಕೆ ಅಲ್ಲ. ಅದು ಆಫ್ರಿಕಾ ಪಕ್ಕದ ಮಡಗಾಸ್ಕರ್ ದ್ವೀಪದ ಗಿಡ. ಇನ್ನೊಂದು ತಮಾಷೆ ಅಂದ್ರೆ ‘ಅರೆಕಾ’ ಅನ್ನೋ ಪದ ಹೋಗಿದ್ದೇ ನಮ್ಮ ಕಡೆಯಿಂದ. ಕನ್ನಡದ ಅಡಿಕೆ, ಮಲಯಾಳದ ಅಡಕ್ಕ, ಇವನ್ನು ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರು ತಮ್ಮ ನಾಲಿಗೆಗೆ ಹೊಂದಿಸಿಕೊಂಡರು. ಅದೇ ಪದ ಸುತ್ತಿ ಬಳಸಿ ದಾವಣಗೆರೆ ನರ್ಸರಿಯ ಕುಂಡದ ಮೇಲೆ ವಾಪಸ್ ಬಂದಿದೆ.

ಜಗತ್ತಿನಲ್ಲಿ ಸುಮಾರು 2,600 ಜಾತಿಯ ಪಾಮ್‌ಗಳಿವೆ. ದೊಡ್ಡ ಸಸ್ಯತೋಟಕ್ಕೆ ಹೋದರೆ ನೂರಾರು ಜಾತಿ ಒಟ್ಟಿಗೆ ನಿಂತಿರುತ್ತವೆ, ಎಲ್ಲವೂ ತೆಂಗಿನ ಹಾಗೇ ಕಾಣುತ್ತವೆ, ಹತ್ತು ನಿಮಿಷಕ್ಕೆ ಬೇಜಾರಾಗಿ ಐಸ್‌ಕ್ರೀಮ್ ಗಾಡಿ ಕಡೆ ಹೊರಡುತ್ತೇವೆ. ನಾನೂ ಹಾಗೇ ಹೋಗಿ ಬಂದವನು. ನಮ್ಮ ಊರಿನ ಐದು ಮರ ಸರಿಯಾಗಿ ಗೊತ್ತಿದ್ದರೆ ಆ ನೂರರಲ್ಲಿ ಮುಕ್ಕಾಲು ಪಾಲು ಮರಗಳ ನೆಂಟಸ್ತನ ಹೇಳಬಹುದು ಅಂತ ಆಮೇಲೆ ಗೊತ್ತಾಯಿತು. ಆ ಐದು: ಅಡಿಕೆ, ತೆಂಗು, ಈಚಲು, ತಾಟಿ, ಬಗನಿ. ಮೊದಲ ನಾಲ್ಕು ದಾವಣಗೆರೆ, ಚಿತ್ರದುರ್ಗದ ಹಳ್ಳಿ ಹಾದಿಯಲ್ಲೇ ಸಿಗುತ್ತವೆ. ಬಗನಿಗೆ ಸ್ವಲ್ಪ ಮಲೆನಾಡಿನ ಕಡೆ ಹೋಗಬೇಕು.

ಮೊದಲು, ಅದು ಪಾಮ್ ಹೌದಾ?

ಹೆಸರಲ್ಲಿ ಪಾಮ್ ಇದ್ದದ್ದೆಲ್ಲ ಪಾಮ್ ಅಲ್ಲ. ಮನೆ ಮುಂದೆ ಇಡುವ ‘ಸಾಗೋ ಪಾಮ್’, ಅಂದರೆ ಸೈಕಾಸ್, ಪಾಮ್ ಕುಟುಂಬಕ್ಕೆ ಸೇರಿದ್ದೇ ಅಲ್ಲ. ಅದು ಹೂ ಬಿಡುವ ಗಿಡವೂ ಅಲ್ಲ. ಬೀಸಣಿಗೆ ಬಿಚ್ಚಿದ ಹಾಗೆ ನಿಲ್ಲುವ ‘ಟ್ರಾವೆಲರ್ಸ್ ಪಾಮ್’ ಬಾಳೆಯ ಕಡೆಯ ನೆಂಟ. ಅದರ ಎಲೆ ಹಿಡಿದು ನೋಡಿ, ಹರಿದ ಬಾಳೆ ಎಲೆಯೇ ಅನ್ನಿಸುತ್ತದೆ. ಕೇದಗೆಯನ್ನು ಕೆಲವರು ತಾಳೆ ಹೂ ಅನ್ನುತ್ತಾರೆ, ಅದೂ ಪಾಮ್ ಅಲ್ಲ. ‘ತಾಳೆ’ ಅನ್ನೋ ಪದವೇ ಒಂದು ಗೋಜಲು: ಒಬ್ಬರಿಗೆ ಅದು ತಾಟಿ, ಇನ್ನೊಬ್ಬರಿಗೆ ಕೇದಗೆ, ಭದ್ರಾ ನಾಲೆ ಕಡೆಯ ರೈತರಿಗೆ ಎಣ್ಣೆ ತೆಗೆಯುವ ಮರ. ಅದಕ್ಕೇ ಈ ಲೇಖನದ ಉದ್ದಕ್ಕೂ ಪಾಮ್ ಅಂತಲೇ ಬರೆಯುತ್ತೇನೆ.

ನಿಜವಾದ ಪಾಮ್‌ಗೆ ಸಾಮಾನ್ಯವಾಗಿ ಕೊಂಬೆ ಇರುವುದಿಲ್ಲ. ತುದಿಯಲ್ಲಿ ಒಂದೇ ಸುಳಿ. ಒಳಗೆ ಮರದ ತಿರುಳು, ವರ್ಷದ ಉಂಗುರ ಯಾವುದೂ ಇಲ್ಲ. ನಿಮ್ಮ ಹೊಲದ ಮೆಕ್ಕೆಜೋಳದ ದಂಟು ಅಡ್ಡ ಕತ್ತರಿಸಿ ನೋಡಿ, ಚುಕ್ಕಿ ಚುಕ್ಕಿಯಾಗಿ ನಾರಿನ ಎಳೆಗಳು ಕಾಣುತ್ತವೆ. ಅಡಿಕೆ ದಬ್ಬೆಯ ತುದಿ ನೋಡಿ, ಅದೇ ಚುಕ್ಕಿ, ಸ್ವಲ್ಪ ಗಟ್ಟಿ ಅಷ್ಟೇ. ಹಲಸು, ಬೇವಿಗಿಂತ ಅಡಿಕೆಗೆ ಮೆಕ್ಕೆಜೋಳವೇ ಹತ್ತಿರದ ಸಂಬಂಧಿ.

ಗರಿಯ ಆಕಾರ ನೋಡಿ

ಆಕಾರದಲ್ಲಿ ಮೂರು ಬಗೆ. ದೂರದಿಂದಲೇ ಗೊತ್ತಾಗುತ್ತದೆ.

ನಡುದಂಟಿನ ಎರಡೂ ಕಡೆ ಸಾಲಾಗಿ ಪಟ್ಟಿಗಳಿದ್ದರೆ ಹಕ್ಕಿ ಪುಕ್ಕದ ಬಗೆ. ಅಡಿಕೆ, ತೆಂಗು, ಈಚಲು ಮೂರೂ ಇದೇ. ಪಾಮ್‌ಗಳಲ್ಲಿ ಜಾಸ್ತಿ ಪಾಲು ಹೀಗೇ ಇರುತ್ತವೆ.

ಅಂಗೈ ಬಿಚ್ಚಿದ ಹಾಗೆ ಇದ್ದರೆ ಬೀಸಣಿಗೆ ಬಗೆ. ನಮ್ಮ ತಾಟಿ ಇದಕ್ಕೆ ಮಾದರಿ. ಬೇಸಿಗೆಯಲ್ಲಿ ರಸ್ತೆ ಬದಿ ರಾಶಿ ಹಾಕಿಕೊಂಡು, ಮಚ್ಚಿನಿಂದ ಕೆತ್ತಿ ತಾಟಿನುಂಗು ತೆಗೆದು ಕೊಡುತ್ತಾರಲ್ಲ, ಆ ಮರ. ತೋಟದಲ್ಲಿ ಬೀಸಣಿಗೆ ಎಲೆ ಕಂಡರೆ ‘ತಾಟಿ ಕಡೆಯದು’ ಅಂತ ಬರೆದುಕೊಳ್ಳಿ. ಒಣಗಿದ ಎಲೆಗಳನ್ನು ಲಂಗದ ಹಾಗೆ ಕಾಂಡಕ್ಕೆ ಸುತ್ತಿಕೊಂಡು ನಿಲ್ಲುವ ವಾಷಿಂಗ್ಟೋನಿಯಾ, ಬೂದಿ ಬಳಿದ ಹಾಗೆ ನೀಲಿ-ಬೆಳ್ಳಿ ಬಣ್ಣದ ಬಿಸ್ಮಾರ್ಕಿಯಾ, ಹಿಂದೆ ಹಸ್ತಪ್ರತಿಗೆ ಗರಿ ಕೊಟ್ಟ ಶ್ರೀತಾಳೆ, ಎಲ್ಲ ಈ ಗುಂಪು.

ಮೂರನೆಯದು ಬಗನಿ. ಮಲೆನಾಡಿನಲ್ಲಿ ಬೈನೆ ಅಂತಲೂ ಕರೆಯುತ್ತಾರೆ. ಇದರ ಗರಿಯೇ ಒಂದು ಸಣ್ಣ ಮರದ ಹಾಗೆ: ದಂಟಿನಿಂದ ಕವಲು, ಕವಲಿನಿಂದ ಎಲೆ, ಎಲೆಯ ತುದಿ ಮೀನಿನ ಬಾಲ ಕಚ್ಚಿದ ಹಾಗೆ ಮೊಂಡು. ಹೀಗೆ ಎರಡು ಸಲ ಕವಲೊಡೆಯುವ ಗರಿ ಪಾಮ್‌ಗಳಲ್ಲಿ ಬೇರೆ ಎಲ್ಲೂ ಇಲ್ಲ. ಆದ್ದರಿಂದ ಯಾವ ದೇಶದ ತೋಟದಲ್ಲಿ ಕಂಡರೂ ‘ಬಗನಿ ಮನೆತನ’ ಅಂತ ಧೈರ್ಯವಾಗಿ ಹೇಳಬಹುದು. ಹಣ್ಣು ಮಾತ್ರ ಕೈಯಲ್ಲಿ ಹಿಸುಕಬೇಡಿ, ತುರಿಕೆ ಹತ್ತುತ್ತದೆ. ಆನೆಗಳಿಗೆ ಇದರ ಸೊಪ್ಪು ಅಂದರೆ ಬಲು ಇಷ್ಟ.

ಒಂದು ಚಮಚ ನೀರಿನ ಪರೀಕ್ಷೆ

ನನಗೆ ಅತಿ ಇಷ್ಟವಾದ ಹೆಜ್ಜೆ ಇದು. ಎಷ್ಟೋ ಜನರಿಗೆ ಗೊತ್ತಿಲ್ಲ.

ಬಿದ್ದ ತೆಂಗಿನ ಗರಿ ಒಂದು, ಈಚಲು ಗರಿ ಒಂದು ತನ್ನಿ. ಮರದಲ್ಲಿ ಯಾವ ಮುಖ ಮೇಲಿರುತ್ತದೋ ಅದೇ ಮುಖ ಮೇಲೆ ಮಾಡಿ ಹಿಡಿಯಿರಿ. ಈಗ ಒಂದು ಪಟ್ಟಿ ನಡುದಂಟಿಗೆ ಅಂಟಿಕೊಂಡಿರುವ ಜಾಗವನ್ನು ಹತ್ತಿರದಿಂದ ನೋಡಿ. ತೆಂಗಿನದು ಗುಡಿಸಲ ಮಾಡಿನ ಹಾಗೆ ಕೆಳಕ್ಕೆ ಬಾಗಿರುತ್ತದೆ. ಈಚಲಿನದು ದೋಣಿಯ ಹಾಗೆ ಮೇಲಕ್ಕೆ ಮಡಚಿರುತ್ತದೆ. ಆ ಜಾಗಕ್ಕೆ ಒಂದು ಚಮಚ ನೀರು ಬಿಡಿ. ತೆಂಗಿನ ಮೇಲೆ ಎರಡೂ ಕಡೆ ಜಾರಿ ಹೋಗುತ್ತದೆ. ಈಚಲಿನಲ್ಲಿ ನಿಲ್ಲುತ್ತದೆ.

ಇದು ಸುಮ್ನೆ ಆಟ ಅಲ್ಲ. ಪಾಮ್ ಕುಟುಂಬದ ದೊಡ್ಡ ಒಡಕು ಇಲ್ಲೇ ಇದೆ. ಪುಕ್ಕದ ಗರಿ ಇದ್ದು ದೋಣಿ ಮಡಿಕೆ ಕಂಡರೆ ಅದು ಹೆಚ್ಚುಕಮ್ಮಿ ಈಚಲಿನ ಮನೆತನ: ಅಂಗಡಿಯ ಖರ್ಜೂರ ಕೊಡುವ ಮರ, ಹೋಟೆಲ್ ಮುಂದಿನ ದಪ್ಪ ಕಾಂಡದ ಕ್ಯಾನರಿ ಪಾಮ್, ಕುಂಡದಲ್ಲಿ ಬೆಳೆಸುವ ಕುಳ್ಳ ಖರ್ಜೂರ. ಖಾತ್ರಿ ಮಾಡಿಕೊಳ್ಳಲು ಗರಿಯ ಬುಡ ನೋಡಿ. ಈ ಮನೆತನದಲ್ಲಿ ಬುಡದ ಪಟ್ಟಿಗಳು ಸೂಜಿಯಂಥ ಮುಳ್ಳುಗಳಾಗಿರುತ್ತವೆ. ಕೈ ಹಾಕಬೇಡಿ, ಕಣ್ಣಲ್ಲೇ ನೋಡಿ. ಮುಳ್ಳು ಒಳಗೇ ಮುರಿದರೆ ವಾರಗಟ್ಟಲೆ ನೋವು.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುತ್ತಾರೆ ಅಂತ ಗಾದೆ ಇದೆಯಲ್ವಾ? ಆ ಕಥೆ ಕಾಂಡದ ಮೇಲೇ ಬರೆದಿರುತ್ತದೆ. ಚಿತ್ರದುರ್ಗದ ಹಳ್ಳಿಗಳಲ್ಲಿ ಹಳ್ಳದ ದಂಡೆಯ ಹಳೇ ಈಚಲು ಮರ ನೋಡಿ. ಕೆಲವುಗಳ ತಲೆಯ ಕೆಳಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಚ್ಚು ಹಾಕಿದ ಗುರುತು ಮೆಟ್ಟಿಲ ಹಾಗೆ ಕಾಣುತ್ತದೆ. ರಸ ಇಳಿಸುವವರು ಒಂದು ವರ್ಷ ಒಂದು ಕಡೆ ಕೆತ್ತಿದರೆ ಮುಂದಿನ ವರ್ಷ ಎದುರು ಕಡೆ ಕೆತ್ತುತ್ತಾರೆ. ಕಚ್ಚು ಎಣಿಸಿದರೆ ಎಷ್ಟು ವರ್ಷ ಇಳಿಸಿದ್ದಾರೆ ಅಂತ ತಿಳಿಯುತ್ತದೆ. ಅದೇ ಮರದ ಗರಿ ತುದಿಗೆ ಗೀಜಗನ ಗೂಡು ತೂಗಾಡುತ್ತಿದ್ದರೆ ಇನ್ನೂ ಹತ್ತು ನಿಮಿಷ ಅಲ್ಲೇ ನಿಲ್ಲಿ.

ಕುತ್ತಿಗೆ ಇದೆಯಾ?

ಪುಕ್ಕದ ಗರಿ, ಮಾಡಿನ ಮಡಿಕೆ. ಈಗ ಉಳಿದ ಪ್ರಶ್ನೆ: ಇದು ಅಡಿಕೆ ಕಡೆಯದಾ, ತೆಂಗಿನ ಕಡೆಯದಾ?

ಅಡಿಕೆ ಮರದ ತಲೆ ಕೆಳಗೆ ಹಸಿರು ಕೊಳವೆ ಇರುತ್ತದೆ, ನುಣ್ಣಗೆ, ಎಣ್ಣೆ ಹಚ್ಚಿದ ಹಾಗೆ. ಅದು ಕಾಂಡ ಅಲ್ಲ, ಒಂದರೊಳಗೊಂದು ಸುತ್ತಿಕೊಂಡ ಹಾಳೆಗಳು. ಹೊರಗಿನ ಹಾಳೆ ಒಣಗಿ, ಸೀಳಿ, ಗರಿ ಸಮೇತ ಬಿದ್ದಾಗ ಕಾಂಡದ ಮೇಲೆ ಒಂದು ಉಂಗುರ ಉಳಿಯುತ್ತದೆ. ಊಟದ ತಟ್ಟೆ ಮಾಡುವುದು, ಚಿಕ್ಕವರಿದ್ದಾಗ ಕೂತು ಎಳೆಸಿಕೊಂಡು ಅಂಗಳದಲ್ಲಿ ಗಾಡಿ ಆಡಿದ್ದು ಇದೇ ಹಾಳೆ. ತೆಂಗಿಗೆ ಈ ಕುತ್ತಿಗೆ ಇಲ್ಲ. ಗರಿಯ ಬುಡದಲ್ಲಿ ಗೋಣಿಯಂಥ ನಾರಿನ ಬಲೆ ಮಾತ್ರ.

ಕುತ್ತಿಗೆ ಇದ್ದರೆ ಅಡಿಕೆ ಗುಂಪಿಗೆ ಹಾಕಿ. ಕಾಲೇಜು, ಕಲ್ಯಾಣ ಮಂಟಪದ ಹಾದಿಯಲ್ಲಿ ಸಾಲಾಗಿ ನಿಂತ ರಾಯಲ್ ಪಾಮ್, ಕ್ಯೂಬಾ ಕಡೆಯದು, ಅಡಿಕೆಯನ್ನೇ ದೊಡ್ಡದು ಮಾಡಿದ ಹಾಗೆ. ಬೂದು ಕಾಂಡ, ನಡುವೆ ಸ್ವಲ್ಪ ಉಬ್ಬು. ಅದರ ಹಾಳೆ ಮೇಲೆ ಇಬ್ಬರು ಮಕ್ಕಳು ಕೂರಬಹುದು; ಬಿದ್ದರೆ ಕೆಳಗೆ ನಿಲ್ಲಿಸಿದ ಕಾರಿನ ಗತಿ ಅಷ್ಟೇ. ನರಿಯ ಬಾಲದ ಹಾಗೆ ಗರಿ ತುಂಬಾ ಸುತ್ತಲೂ ಎಲೆ ಇರುವುದು ಫಾಕ್ಸ್‌ಟೇಲ್ ಪಾಮ್. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಈ ಮರಕ್ಕೆ ಸಸ್ಯಶಾಸ್ತ್ರದಲ್ಲಿ ಹೆಸರು ಸಿಕ್ಕಿದ್ದೇ 1983ರಲ್ಲಿ. ಈಗ ನಮ್ಮ ಪ್ರತಿ ಲೇಔಟ್ ಬಾಗಿಲಲ್ಲೂ ಇದೆ! ಬುಡ ಬಾಟಲಿಯ ಹಾಗೆ ಊದಿಕೊಂಡು ತಲೆಯಲ್ಲಿ ನಾಲ್ಕೈದು ಗರಿ ಇದ್ದರೆ ಬಾಟಲ್ ಪಾಮ್, ಮಾರಿಷಸ್ ಪಕ್ಕದ ಒಂದು ಪುಟ್ಟ ದ್ವೀಪದ್ದು. ಇದರ ಒಂದು ದಾಯಾದಿ ಜಾತಿಯಲ್ಲಿ ಇಡೀ ಭೂಮಿ ಮೇಲೆ ಒಂದೇ ಒಂದು ಮರ ಉಳಿದಿದೆ, ಮಾರಿಷಸ್‌ನ ಕ್ಯೂರ್‌ಪೀಪ್ ಸಸ್ಯತೋಟದಲ್ಲಿ. ಮಾವನ ಕುಂಡದ ‘ಅರೆಕಾ’ಗೂ ಇದೇ ಗುಂಪು, ಆದರೆ ಅದು ಹಿಂಡಾಗಿ ಬೆಳೆಯುತ್ತದೆ, ದಂಟು ಹಳದಿ.

ಕುತ್ತಿಗೆ ಇಲ್ಲದಿದ್ದರೆ ತೆಂಗು, ಎಣ್ಣೆ ತಾಳೆ ಇವುಗಳ ಕಡೆ. ದಂಟಿನ ಬುಡದಲ್ಲಿ ಮುಳ್ಳು, ಕಾಂಡದ ತುಂಬ ಕತ್ತರಿಸಿದ ಮಟ್ಟೆಯ ಮೊಳೆ, ಗರಿ ಸಂದಿಯಲ್ಲಿ ಕೆಂಪು-ಕಪ್ಪು ಹಣ್ಣಿನ ಗೊಂಚಲು ಕಂಡರೆ ಎಣ್ಣೆ ತಾಳೆ.

ಬಳ್ಳಿಯ ಹಾಗೆ ಬೇರೆ ಮರ ಹತ್ತುತ್ತಾ, ಮೈತುಂಬ ಮುಳ್ಳಿದ್ದರೆ? ಬೆತ್ತ. ಅದೂ ಪಾಮ್. ಮೇಷ್ಟ್ರ ಕೈಯಲ್ಲಿದ್ದದ್ದು ಅಡಿಕೆಯ ನೆಂಟ ಅಂತ ಆಗ ಯಾರಿಗೆ ಗೊತ್ತಿತ್ತು.

ಕಾಂಡ ಓದಿ, ಆದರೆ ಲೆಕ್ಕ ತಪ್ಪಬೇಡಿ

ಅಡಿಕೆಯ ಉಂಗುರ ವರ್ಷಕ್ಕೊಂದಲ್ಲ, ಬಿದ್ದ ಗರಿಗೊಂದು. ವರ್ಷಕ್ಕೆ ಆರೇಳು ಗರಿ ಬೀಳುತ್ತದೆ ಅಂತ ಇಟ್ಟುಕೊಂಡರೆ ಉಂಗುರಗಳನ್ನು ಆರರಿಂದ ಭಾಗಿಸಿ, ಕಾಂಡ ಮೇಲೇಳುವ ಮೊದಲಿನ ಮೂರ್ನಾಲ್ಕು ವರ್ಷ ಸೇರಿಸಿ. ಅಂದಾಜು ವಯಸ್ಸು ಸಿಗುತ್ತದೆ. ತೆಂಗು ತಿಂಗಳಿಗೆ ಸುಮಾರು ಒಂದು ಗರಿ ಬಿಡುತ್ತದೆ.

ಪಾಮ್ ಮೊದಲು ನೆಲದಲ್ಲೇ ಕೂತು ದಪ್ಪಗಾಗುತ್ತದೆ, ಆಮೇಲೆ ಉದ್ದವಾಗುತ್ತದೆ. ಒಮ್ಮೆ ಮೇಲೆದ್ದ ಮೇಲೆ ಬೇವಿನ ಹಾಗೆ ವರ್ಷವರ್ಷಕ್ಕೆ ದಪ್ಪಗಾಗುವುದಿಲ್ಲ. ಗಾಯ ಮುಚ್ಚಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಮದುವೆ ಮನೆ ಸೀರಿಯಲ್ ಲೈಟಿಗೆ ಹೊಡೆದ ಮೊಳೆಯ ತೂತು ಮರ ಇರುವತನಕ ತೂತಾಗಿಯೇ ಇರುತ್ತದೆ. ದಾರದಲ್ಲಿ ಕಟ್ಟಿ ಸಾಕು.

ಸುಳಿ ಹೋದರೆ ಒಂಟಿ ಕಾಂಡದ ಮರ ಹೋದ ಹಾಗೇ. ಹಿರಿಯೂರು, ಹೊಸದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರದ ವರ್ಷಗಳಲ್ಲಿ ತಲೆ ಕಳಚಿ ಬಿದ್ದ ತೆಂಗುಗಳು ಲೈಟ್ ಕಂಬದ ಹಾಗೆ ಸಾಲಾಗಿ ನಿಂತಿದ್ದವು. 2022ರಲ್ಲಿ ವಾಣಿವಿಲಾಸ ಸಾಗರ, 1933ರ ನಂತರ ಮೊದಲ ಸಲ, ತುಂಬಿ ಕೋಡಿ ಬಿತ್ತು. ನೀರು ಬಂತು, ಆದರೆ ಆ ಕಂಬಗಳು ಚಿಗುರಲಿಲ್ಲ. ಮಾವು ಆಗಿದ್ದರೆ ಬುಡದಿಂದಾದರೂ ಒಡೆಯುತ್ತಿತ್ತೇನೋ.

ಹೂವು ಎಲ್ಲಿಂದ ಬಂದಿದೆ?

ಅಡಿಕೆಯ ಸಿಂಗಾರ ಕುತ್ತಿಗೆಯ ಕೆಳಗೆ, ಕಾಂಡದಿಂದಲೇ ಹೊರಡುತ್ತದೆ. ತೆಂಗಿನ ಹೊಂಬಾಳೆ ಗರಿಗಳ ಸಂದಿಯಲ್ಲಿ. ಈಚಲು, ತಾಟಿಗಳಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೂ ಬಿಡುವವರೆಗೆ ಯಾವುದು ಯಾವುದೆಂದು ಹೇಳಲಾಗದು. ಬಗನಿಯದು ವಿಚಿತ್ರ ಕ್ರಮ. ಬೆಳೆದು ಮುಗಿದ ಮೇಲೆ ತುದಿಯಲ್ಲಿ ಮೊದಲ ಹೂಗೊನೆ, ಆಮೇಲೆ ಅದರ ಕೆಳಗೆ, ಆಮೇಲೆ ಇನ್ನೂ ಕೆಳಗೆ, ಹೀಗೆ ವರ್ಷಗಳ ಕಾಲ ಇಳಿಯುತ್ತಾ ಬಂದು ಕೊನೆಯ ಗೊನೆಯ ಜೊತೆ ಮರ ಸಾಯುತ್ತದೆ.

ಶ್ರೀತಾಳೆ ಅಷ್ಟು ಕಾಯುವುದೂ ಇಲ್ಲ. 30ರಿಂದ 80 ವರ್ಷ ಸುಮ್ಮನಿದ್ದು, ಒಂದೇ ಸಲ ತಲೆಯ ಮೇಲೆ ರಥದ ಕಳಶದ ಹಾಗೆ ಹೂಗೊಂಚಲು ಎತ್ತುತ್ತದೆ. ಲಕ್ಷಗಟ್ಟಲೆ ಹೂವು. ಸುಮಾರು ಒಂದು ವರ್ಷದಲ್ಲಿ ಕಾಯಿ ಬಲಿಯುತ್ತದೆ, ಉದುರುತ್ತದೆ, ಮರ ಮುಗಿಯುತ್ತದೆ. ಹೂ ಬಿಟ್ಟ ಶ್ರೀತಾಳೆ ಎಲ್ಲಾದರೂ ಇದೆ ಅಂತ ಕೇಳಿದರೆ ಕೆಲಸಕ್ಕೆ ರಜೆ ಹಾಕಿ ಹೋಗಿ.

ಸಸ್ಯತೋಟಕ್ಕೆ ಹೋದಾಗ

ನಮ್ಮವರಿಗೆ ಹತ್ತಿರ ಅಂದರೆ ಬೆಂಗಳೂರಿನ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಶುರು ಮಾಡಿದ್ದು, ಈಗ 240 ಎಕರೆ. ಕೋಲ್ಕತ್ತ ಕಡೆ ಹೋಗುವವರು 1787ರಲ್ಲಿ ಶುರುವಾದ ಶಿಬ್‌ಪುರದ ಸಸ್ಯತೋಟದಲ್ಲಿ ಸೇಶೆಲ್ಸ್ ದ್ವೀಪಗಳ ಜೋಡಿ ತೆಂಗು ನೋಡಬಹುದು. ಭೂಮಿ ಮೇಲಿನ ಅತಿ ದೊಡ್ಡ ಬೀಜ ಅದರದು.

ಬೆಳಗ್ಗೆಯೇ ಹೋಗಿ. ಎಲ್ಲ ನೋಡುತ್ತೇನೆ ಅಂತ ಹೊರಡಬೇಡಿ, ಒಂದು ದಿನಕ್ಕೆ ಹತ್ತು ಮರ ಸಾಕು. ಮೊದಲು ಬೋರ್ಡು ಓದಬೇಡಿ. ಗರಿ, ಮಡಿಕೆ, ಕುತ್ತಿಗೆ, ಕಾಂಡ, ಹೂವು ನೋಡಿ ‘ಇದು ನಮ್ಮೂರಿನ ಯಾವ ಮರದ ನೆಂಟ’ ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಮೇಲೆ ಬೋರ್ಡು ನೋಡಿ. ಅದರಲ್ಲಿ ಎರಡು ಪದದ ಹೆಸರಿರುತ್ತದೆ, ಮೊದಲನೆಯದು ಮನೆತನ. ಫೀನಿಕ್ಸ್ ಅಂದರೆ ಈಚಲಿನವರು. ಕ್ಯಾರಿಯೋಟ ಅಂದರೆ ಬಗನಿಯವರು. ಬೊರಾಸಸ್ ತಾಟಿಯವರು. ಕೋಕಸ್ ಅಂದರೆ ತೆಂಗು. ಆ ಹೆಸರಿನಲ್ಲಿ ಅದೊಂದೇ, ದಾಯಾದಿಗಳೇ ಇಲ್ಲ.

ಫೋಟೋ ತೆಗೆಯುವಾಗ ಇಡೀ ಮರದ ಒಂದು ಫೋಟೋದಿಂದ ಏನೂ ಪ್ರಯೋಜನ ಇಲ್ಲ. ಕುತ್ತಿಗೆಯದು ಒಂದು, ಪಟ್ಟಿ ದಂಟಿಗೆ ಸೇರುವ ಜಾಗದ್ದು ಒಂದು, ಕಾಂಡದ ಬುಡದ್ದು ಒಂದು, ಹೂವು-ಕಾಯಿ ಇದ್ದರೆ ಅದು. ಬುಡದ ಫೋಟೋದಲ್ಲಿ ಪಕ್ಕಕ್ಕೆ ಕೊಡೆ ಇಡಿ, ಅಳತೆ ತಿಳಿಯುತ್ತದೆ.

ಮನೆ ಮುಂದೆ ನೆಡುವವರಿಗೆ

ಎಂಟು ವರ್ಷದ ಹಿಂದೆ ನರ್ಸರಿಯೊಂದರಿಂದ ‘ಫಾಕ್ಸ್‌ಟೇಲ್’ ಅಂತ ಎರಡು ಸಸಿ ತಂದು ಕಾಂಪೌಂಡ್ ಪಕ್ಕ ನೆಟ್ಟೆ. ಬೆಳೆದ ಮೇಲೆ ನೋಡಿದರೆ ರಾಯಲ್ ಪಾಮ್. ಈಗ ಅದರ ಗರಿ ಕರೆಂಟ್ ತಂತಿಗೆ ತಾಗುತ್ತದೆ, ಮಳೆಗಾಲ ಬಂದರೆ ಲೈನ್‌ಮನ್ ಬೈದುಕೊಂಡೇ ಬರುತ್ತಾರೆ. ಆಗ ಎಲೆಯ ತುದಿ ನೋಡಿದ್ದರೆ ಮುಗಿದಿತ್ತು. ಫಾಕ್ಸ್‌ಟೇಲ್‌ನ ಎಲೆಪಟ್ಟಿಯ ತುದಿ ಇಲಿ ಕಡಿದ ಹಾಗೆ ಅಂಕುಡೊಂಕಾಗಿರುತ್ತದೆ, ರಾಯಲ್‌ದು ಚೂಪು.

ದಾವಣಗೆರೆ ಕಡೆಯ ಎರೆಮಣ್ಣಿನಲ್ಲಿ ನೆಡುವಾಗ ಗುಂಡಿಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಚಿತ್ರದುರ್ಗದ ಬಿಸಿಲಿಗೆ ಬಿಸ್ಮಾರ್ಕಿಯಾ, ವಾಷಿಂಗ್ಟೋನಿಯಾ ತಡೆದುಕೊಳ್ಳುತ್ತವೆ, ಬಿಸ್ಮಾರ್ಕಿಯಾಕ್ಕೆ ಮಾತ್ರ ಅಗಲ ಜಾಗ ಬೇಕು. ಕುಂಡದ ‘ಅರೆಕಾ’ವನ್ನು ಏಪ್ರಿಲ್ ಬಿಸಿಲಿಗೆ ಇಟ್ಟರೆ ಗರಿ ಸುಡುತ್ತದೆ, ಜಗಲಿಯ ನೆರಳು ಸರಿ. ಹಸಿರು ಗರಿ ಕತ್ತರಿಸಬೇಡಿ. ಒಣಗಿದ್ದು ಮಾತ್ರ ತೆಗೆಯಿರಿ.

ಹೊಲದ ಬದುವಿಗೆ ಆದರೆ ನನ್ನ ಓಟು ತಾಟಿಗೆ. ಹಣ್ಣಾಗಿ ಬಿದ್ದ ಕಾಯಿ ತಂದರೆ ಒಳಗೆ ಸಾಮಾನ್ಯವಾಗಿ ಮೂರು ಬೀಜ. ಕವರಿನಲ್ಲಿ ಸಸಿ ಮಾಡಿ ಸಾಗಿಸುವ ಆಸೆ ಬಿಡಿ. ಮೊಳಕೆ ಮೊದಲು ಕೆಳಗೇ ಇಳಿಯುತ್ತದೆ, ಮೊಳದುದ್ದಕ್ಕೂ ಜಾಸ್ತಿ; ಕವರ್ ಹರಿದು ಕಿತ್ತರೆ ತುಂಡಾಗುತ್ತದೆ. ಎಲ್ಲಿ ಮರ ಬೇಕೋ ಅಲ್ಲೇ ಮಳೆಗಾಲದಲ್ಲಿ ಬೀಜ ಹೂಳಿ. ತಿಂಗಳುಗಟ್ಟಲೆ ಮೇಲೆ ಏನೂ ಕಾಣುವುದಿಲ್ಲ, ಅಗೆದು ನೋಡಬೇಡಿ. ಪಕ್ಕಕ್ಕೆ ಒಂದು ಗೂಟ ಹೊಡೆದು ಸುಣ್ಣ ಬಳಿಯಿರಿ, ಇಲ್ಲದಿದ್ದರೆ ಮುಂದಿನ ಹಂಗಾಮಿಗೆ ಟ್ರಾಕ್ಟರ್‌ನವನು ಅದರ ಮೇಲೇ ಹೊಡೆದುಕೊಂಡು ಹೋಗುತ್ತಾನೆ.